ಅಮ್ಮನ ಫೋನಿನ ಎರಡನೆಯ ಟಿಕ್

ಕುಂದಾಪುರದ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಕಲಿಸುತ್ತೇನೆ. ಇಂಟರ್‌ನೆಟ್ಟಿನಲ್ಲಿ ಹೋಗುವ ಮಾತಿಗೆ ಬೀಗ ಬೀಳುವುದು ಹೇಗೆ ಎಂಬ ಪಾಠ ಬಂದಾಗ ಪುಸ್ತಕ ಬದಿಗಿಟ್ಟು ನಮ್ಮ ಉಪ್ಪುಂದದ ದೋಣಿಯವರ ವಯರ್‌ಲೆಸ್ ಕತೆ ಹೇಳುತ್ತಿದ್ದೆ. ವಯರ್‌ಲೆಸ್ಸಿನಲ್ಲಿ ಆಡಿದ್ದು ಕಡಲಿಗೆಲ್ಲ ಕೇಳುತ್ತದೆ. ಅದಕ್ಕೇ ಮೀನಿನ ಹಿಂಡು ಕಂಡವನು ಜೊತೆಯ ದೋಣಿಗೆ “ಮದಿ ಮನಿಗ್ ಜನ ಬಂದಿರ್” ಎಂದು ಮದುವೆ ಮನೆಯ ಸುದ್ದಿ ಹೇಳುತ್ತಿದ್ದ. ಎಂಥಾ ಗುಟ್ಟು! ನಾಲ್ಕು ದಿನದಲ್ಲಿ ಮೀನು ಮಾರುವ ಹೆಂಗಸರಿಗೂ ಅದರ ಅರ್ಥ ಗೊತ್ತಾಗುತ್ತಿತ್ತು. ಎಲ್ಲರ ಕೈಗೂ ಒಂದೇ ಕೀಲಿ ಕೊಟ್ಟರೆ ಆಗುವುದೇ ಹಾಗೆ. ಫೋನಿನ ಬೀಗ ಬೇರೆ ಜಾತಿಯದು. ಪ್ರತಿ ಫೋನೂ ತನ್ನ ಕೀಲಿಯನ್ನು ತನ್ನೊಳಗೇ ಹುಟ್ಟಿಸಿಕೊಂಡು, ಎದುರಿನವರಿಗೆ ಬೀಗವನ್ನಷ್ಟೇ ಕಳಿಸುತ್ತದೆ. ಆ ಬೀಗ ಹಾಕಿ ಕಳಿಸಿದ ಮಾತನ್ನು ನಡುವಿನ ಕಂಪನಿಯವರೂ ತೆರೆಯಲಾರರು. ಇಷ್ಟು ಹೇಳಿ ನಾನು ಜಂಬದಿಂದ ಮಕ್ಕಳ ಮುಖ ನೋಡುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ನನ್ನ ತಮ್ಮನ ದೋಣಿ ಅಳಿವೆಯ ಬಾಯಲ್ಲಿ ಮಗುಚಿತು. ಉಳಿದವರೆಲ್ಲ ಈಜಿ ದಡ ಸೇರಿದರು. ತಮ್ಮನೂ ಸಿಗಲಿಲ್ಲ, ಅವನ ಅಂಗಿ ಕಿಸೆಯಲ್ಲಿದ್ದ ಫೋನೂ ಸಿಗಲಿಲ್ಲ.

ಅಮ್ಮನಿಗೆ ಓದು ಬರಹ ಇಲ್ಲ. ಫೋನಿನ ಮೈಕ್ ಒತ್ತಿ ಮಾತಾಡಿ ಕಳಿಸುವುದನ್ನು ತಮ್ಮನೇ ಕಲಿಸಿದ್ದ. ಅವನು ಕಡಲಿಗೆ ಹೋದ ದಿನವೆಲ್ಲ ಅವಳು ಏನಾದರೊಂದು ಹೇಳಿ ಕಳಿಸುತ್ತಿದ್ದಳು. ದೂರದಲ್ಲಿ ನೆಟ್‌ವರ್ಕ್ ಇಲ್ಲದಾಗ ಒಂದೇ ಟಿಕ್. ಎರಡನೆಯದು ಬಿತ್ತೆಂದರೆ ದೋಣಿ ದಡದ ಕಡೆ ತಿರುಗಿತು ಎಂದು ಅರ್ಥ. ಕೂಡಲೇ ಒಲೆಯ ಮೇಲೆ ಸಾರು ಬಿಸಿಗಿಡುತ್ತಿದ್ದಳು. ನಮ್ಮ ಕೇರಿಯ ಎಷ್ಟೋ ಮನೆಗಳಲ್ಲಿ ಸಾರು ಬಿಸಿಯಾಗುವುದು ಹೀಗೆಯೇ.

ದೋಣಿ ಮಗುಚಿದ ಮೇಲೂ ಅವಳು ಕಳಿಸುವುದನ್ನು ನಿಲ್ಲಿಸಲಿಲ್ಲ. “ಉಂಡ್ಯಾ ಮಗಾ? ಚಳಿ ಆತಿತ್ತಾ?” ಒಂದೇ ಟಿಕ್. ನಾನು ಕೇಳಲಾರದೆ ಸಿಡುಕಿದರೆ, “ನೆಟ್‌ವರ್ಕ್ ಇಲ್ದಿದ್ ಬದಿಯಗ್ ಇದ್ದ, ನಿಂಗೆಂತ ಗೊತ್ತಿತ್ತ್?” ಎಂದು ನನ್ನ ಬಾಯಿಯನ್ನೇ ಮುಚ್ಚಿಸುತ್ತಿದ್ದಳು. ದೊಡ್ಡಪ್ಪ ಬಂದು ಬೊಜ್ಜದ ಮಾತು ತೆಗೆದ. ದೇಹ ಸಿಗದಿದ್ದರೆ ದರ್ಭೆಯ ಆಕೃತಿ ಮಾಡಿ ಸುಟ್ಟು ಉತ್ತರಕ್ರಿಯೆ ಮುಗಿಸಬೇಕಲ್ಲ. ಅಮ್ಮ ಅಂದಿನಿಂದ ಅನ್ನ ಬಿಟ್ಟಳು. ಒಂದು ಲೋಟ ಗಂಜಿ ತಿಳಿ ಕುಡಿಸುವಷ್ಟರಲ್ಲಿ ನನಗೂ ತಮ್ಮನ ಹೆಂಡತಿಗೂ ಸಾಕುಬೇಕಾಗುತ್ತಿತ್ತು.

ಒಂದು ಬೆಳಿಗ್ಗೆ ಅಮ್ಮ ಅಂಗಳದಿಂದ ನನ್ನನ್ನು ಕೂಗಿದಳು: “ಹೆಣೇ, ಎರಡ್ ಬಿತ್ತ್!”

ಓಡಿ ಹೋಗಿ ನೋಡಿದೆ. ಇಷ್ಟು ದಿನ ಕಳಿಸಿದ್ದಕ್ಕೆಲ್ಲ ಎರಡೆರಡು ಟಿಕ್. ನಾನು ನೋಡುತ್ತಿದ್ದಂತೆಯೇ ಮೊದಲಿನದರ ಮೈಕ್ ನೀಲಿಯಾಯಿತು, ಮತ್ತೊಂದರದೂ ಆಯಿತು. ಯಾರೋ ಕೂತು ಒಂದೊಂದಾಗಿ ಕೇಳುತ್ತಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಸಂಖ್ಯೆಯ ಭದ್ರತಾ ಕೋಡ್ ಬದಲಾಗಿದೆ ಎಂದಿತ್ತು. ಹಳೆಯ ಕೀಲಿ ಕಡಲಲ್ಲೇ ಹೋಗಿತ್ತು. ಅದೇ ನಂಬರಿನಲ್ಲಿ ಬೇರೊಂದು ಫೋನು ಹೊಸ ಕೀಲಿ ಹುಟ್ಟಿಸಿಕೊಂಡಿತ್ತು, ಅಮ್ಮನ ಫೋನು ಕಾದಿದ್ದ ಮಾತುಗಳಿಗೆಲ್ಲ ಹೊಸ ಬೀಗ ಹಾಕಿ ಅತ್ತ ಕಳಿಸಿಬಿಟ್ಟಿತ್ತು. ಯಾವನೋ ಕಳ್ಳ ನಂಬರನ್ನು ಲಪಟಾಯಿಸಿದ್ದಾನೆ ಎಂದುಕೊಂಡೆ.

ಅಮ್ಮ ಆಗಲೇ ಒಲೆಗೆ ಬೆಂಕಿ ಹಾಕಿದ್ದಳು. ಅಂದು ಅವಳು ಹೊಟ್ಟೆ ತುಂಬ ಉಂಡಳು.

ಕಳ್ಳ ಮನೆಯ ಹಿಂದಿನ ಬಾವಿಕಟ್ಟೆಯಲ್ಲಿ ಸಿಕ್ಕಿದಳು. ತಮ್ಮನ ಹೆಂಡತಿ ಫೋನನ್ನು ಕಿವಿಗೊತ್ತಿಕೊಂಡು ಅಳುತ್ತಿದ್ದಳು. ತಮ್ಮನ ಸಿಮ್ಮು ಮೊದಲಿನಿಂದಲೂ ಇವಳ ಹೆಸರಲ್ಲೇ ಇತ್ತು. ಬೈಂದೂರಿಗೆ ಹೋಗಿ ಹೊಸದು ತೆಗೆಸಿ ತಂದಿದ್ದಳು.

“ನಂಬರ್ ಹಾಕ್ರೆ ಅವ್ರ್ ಫೋಟೋ ಎಲ್ಲ ವಾಪಸ್ ಬತ್ತ್ ಅಂದ್ಕಂಡೆ ಅಕ್ಕ. ಒಂದೂ ಬರ್ಲಿಲ್ಲ. ಅತ್ತೆ ಸ್ವರ ಮಾತ್ರ ಬಂತ್.”

ಬರುವುದಾದರೂ ಹೇಗೆ? ನಾನು ಮಕ್ಕಳೆದುರು ಜಂಬದಿಂದ ಹೊಗಳುವ ಬೀಗ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ದಾರಿಯಲ್ಲಿ ಯಾರಿಗೂ ಒಂದಕ್ಷರ ಬಿಟ್ಟುಕೊಟ್ಟಿರಲಿಲ್ಲ. ಬಾಗಿಲು ತೆರೆದವರು ಯಾರು ಎಂದು ಮಾತ್ರ ಅದು ಕೇಳುವುದಿಲ್ಲ.

“ಈಗ್ಲೇ ಹೋಯಿ ಅಮ್ಮಂಗ್ ಹೇಳ್” ಎಂದು ಗದರಿದೆ.

“ಇವತ್ತೊಂದಿನ ಬ್ಯಾಡ ಅಕ್ಕ. ಉಂಡಿರ್ ಅವ್ರ್.”

ನನಗೂ ಹೇಳುವ ಧೈರ್ಯ ಇರಲಿಲ್ಲ. ನಾಳೆ ಇಬ್ಬರೂ ಸೇರಿ ಹೇಳುವುದೆಂದು ಮಾತಾಯಿತು.

ಸಂಜೆಗೆ ದೊಡ್ಡಪ್ಪ ಬೊಜ್ಜದ ದಿನ ಗೊತ್ತುಮಾಡಿಕೊಂಡೇ ಬಂದ. ಅಮ್ಮ ಜಗಳಕ್ಕೆ ನಿಲ್ಲಲಿಲ್ಲ. ಚಾವಡಿಯಲ್ಲಿ ನನ್ನ ಪಕ್ಕ ಕೂತು ಫೋನನ್ನು ಬಾಯಿಗೆ ಹಿಡಿದಳು. “ಮಗಾ, ನಿನ್ ಬೊಜ್ಜ ಮಾಡ್ತ್ರಂಬ್ರ್. ಮಾಡ್ಕಾ, ಬ್ಯಾಡ್ದಾ? ನೀನೇ ಹೇಳ್.”

ಎರಡು ಟಿಕ್ ಬಿತ್ತು. ಮೈಕ್ ನೀಲಿಯಾಯಿತು. ನಾನು ಒಳಕೋಣೆಯ ಕಡೆ ನೋಡಿದೆ. ಬಾಗಿಲು ಹಾಕಿತ್ತು. ತಮ್ಮನ ಹೆಸರಿನ ಕೆಳಗೆ ‘ಟೈಪ್ ಮಾಡುತ್ತಿದ್ದಾರೆ’ ಎಂದು ಮೂಡಿತು, ಅಳಿಸಿಹೋಯಿತು, ಮತ್ತೆ ಮೂಡಿತು. ಬೇಡ ಮಾರಾಯ್ತಿ, ಬೇಡ ಎಂದು ಕೂಗಬೇಕೆನಿಸಿತು. ಬೊಜ್ಜವಾದರೆ ಹಣೆಯ ಕುಂಕುಮ ಒರೆಸಿಕೊಳ್ಳಬೇಕಾದವಳೂ ಅವಳೇ ಎಂಬುದು ನನಗೆ ಆಗ ಹೊಳೆಯಿತು.

ಉತ್ತರ ಬಂತು. ಅಮ್ಮ ಫೋನನ್ನು ನನ್ನ ಮುಖಕ್ಕೆ ಹಿಡಿದಳು. “ಓದ್ ಹೆಣೆ. ಎಂತ ಬರ್ದ?”

ದೊಡ್ಡಪ್ಪನೂ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಓದಿದೆ.

“ಬ್ಯಾಡ ಅಮ್ಮಾ. ಬತ್ತೆ.”

ದೊಡ್ಡಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡ. ಅಮ್ಮ ಸೆರಗು ಸಿಕ್ಕಿಸಿಕೊಂಡು, ಮುಚ್ಚಿದ ಬಾಗಿಲಿನ ಕಡೆ ತಿರುಗಿ ಕೂಗಿದಳು: “ಹ್ವಾಯ್, ಎಲ್ಲಿದ್ದೆ? ಸಾರ್ ಬಿಸಿಗ್ ಇಡ್, ನಿನ್ ಗಂಡ ಬತ್ತ.”