ಮೂರು ದಿನ ತಡವಾಗಿ ಕಡಬಕ್ಕೆ

ಸೋಮವಾರ ಬೆಳಿಗ್ಗೆ ಏಳು ಗಂಟೆಯ ಬಸ್ಸಿಗೆ ನಾನು ಪುತ್ತೂರಿನಿಂದ ಹೊರಟೆ. ಕೈಯಲ್ಲಿ ಬಟ್ಟೆಯ ಗಂಟು, ಒಂದು ಸೀಸೆ ಬಾರ್ಲಿ ನೀರು, ನಾಲ್ಕು ಮೂಸಂಬಿ. ಆಣೆ ಹೋಗಿ ನಯೇ ಪೈಸೆ ಬಂದ ಮರುವರ್ಷ ಅದು. ಈಸ್ಟರ್ ಕಳೆದು ಮೂರು ವಾರ ಆಗಿತ್ತು. ಮಳೆ ಇನ್ನೂ ದೂರ, ಬೆಳಿಗ್ಗೆಯೇ ಸೆಕೆ.

ದೇವರು ನಡೆಸಿದ ಒಂದು ಪ್ರಯಾಣವನ್ನು ಬರೆದುಕೊಡಿ, ಕೂಟದಲ್ಲಿ ಓದುತ್ತೇವೆ ಎಂದು ನಮ್ಮ ಸಭೆಯ ಹೆಂಗಸರು ಮೂರು ಸಲ ಕೇಳಿದ್ದಾರೆ. ನಾನು ಅಕ್ಷರ ಕಲಿತದ್ದು ಆದಿತ್ಯವಾರದ ಶಾಲೆಯಲ್ಲಿ, ಅದೂ ವೇದಪುಸ್ತಕ ಓದುವಷ್ಟು. ತಪ್ಪಿದ್ದರೆ ತಿದ್ದಿಕೊಳ್ಳಿ. ನನ್ನ ಪ್ರಯಾಣಗಳಲ್ಲಿ ಬರೆಯುವಂಥದ್ದು ಇದೊಂದೇ. ಇದನ್ನು ಕೇಳಿದ ಮೇಲೆ, ನಡೆಸಿದ್ದು ಯಾರು ಎಂದು ನೀವೇ ಹೇಳಿ.

ನಾನು ಹೊರಟದ್ದು ಮಗಳನ್ನು ಕರೆತರಲು. ಎಸ್ತೇರ ನನ್ನ ಒಬ್ಬಳೇ ಮಗಳು. ಗಂಡ ತೀರಿಹೋದ ಮೇಲೆ ನಾನು ಹುಡುಗಿಯರ ಬೋರ್ಡಿಂಗಿನಲ್ಲಿ ಅಡುಗೆ ಮಾಡಿ ಅವಳನ್ನು ಓದಿಸಿದೆ. ಕಡಬಕ್ಕೆ ಎರಡು ಮೈಲಿ ಈಚೆ, ಒಂದೇ ಕೋಣೆಯ ಶಾಲೆಯಲ್ಲಿ ಅವಳು ಟೀಚರು. ಅವಳಿಗೆ ಜ್ವರ ಎಂದು ಸುದ್ದಿ ಬಂದದ್ದು ಶುಕ್ರವಾರ. ತಂದವರು ಅವಳ ನೆರೆಮನೆಯ ಹಸನಬ್ಬ, ಒಣಮೀನಿನ ವ್ಯಾಪಾರದ ಬ್ಯಾರಿ ಮುಸಲ್ಮಾನರು. ಜಗಲಿ ಹತ್ತದೆ ಅಂಗಳದಲ್ಲೇ ನಿಂತು ಹೇಳಿದರು.

"ಅಮ್ಮ, ಟೀಚರಿಗೆ ಎಂಟು ದಿನದಿಂದ ಜ್ವರ ಬಿಡುದಿಲ್ಲ. ಗಾಡಿ ಮಾಡಿ ಪುತ್ತೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೇವೆ ಅಂದ್ರೆ ಕೇಳುದಿಲ್ಲ. ಅಮ್ಮ ಬರ್ಲಿ, ಅಮ್ಮನ ಒಟ್ಟಿಗೆ ಹೋಗ್ತೇನೆ ಅಂತ ಒಂದೇ ಹಟ. ನೀವು ಹೊರಡಿ, ಈಗಲೇ ಹೋಗುವ."

"ನಿಲ್ಲಿ" ಎಂದು ನಾನು ಒಳಗೆ ಹೋದೆ.

ಒಳಗೆ ಹೋದದ್ದು ವಚನದ ಪೆಟ್ಟಿಗೆಗಾಗಿ. ನಿಮ್ಮಲ್ಲೂ ಕೆಲವರ ಮನೆಯಲ್ಲಿ ಉಂಟು: ಸಣ್ಣ ಮರದ ಪೆಟ್ಟಿಗೆ, ಒಳಗೆ ಬೀಡಿಯ ಹಾಗೆ ಸುರುಟಿದ ಚೀಟಿಗಳು, ಒಂದೊಂದರಲ್ಲಿ ವೇದದ ಒಂದೊಂದು ವಚನ. ಪ್ರಾರ್ಥನೆ ಮಾಡಿ, ಕಣ್ಣು ಮುಚ್ಚಿ ಒಂದನ್ನು ಎತ್ತುವುದು. ಬಂದದ್ದು ಆ ದಿನಕ್ಕೆ ದೇವರ ಮಾತು. ನನ್ನ ತಾಯಿ ಪ್ರಯಾಣಕ್ಕಾಗಲಿ ಮದುವೆ ಮಾತಿಗಾಗಲಿ ಚೀಟಿ ಎತ್ತದೆ ಹೊರಟವಳಲ್ಲ, ನಾನೂ ಹಾಗೆಯೇ. ಅಚ್ಚಿನ ಹಳೆಯ ಚೀಟಿಗಳನ್ನು ಗೆದ್ದಲು ತಿಂದ ವರ್ಷ ಎಸ್ತೇರಳಿಗೆ ಹತ್ತು ವಯಸ್ಸು. ಅರುವತ್ತು ಚೀಟಿ ಬರೆದು ಮುಗಿಸಿದರೆ ಮಾತ್ರ ಕ್ರಿಸ್ಮಸ್ಸಿಗೆ ಹೊಸ ಲಂಗ ಎಂದಿದ್ದೆ. ಎರಡೇ ದಿನದಲ್ಲಿ ಬರೆದು, ಸುರುಟಿ ಕೊಟ್ಟಳು. ಎಣಿಸಿದೆ, ಸರಿಯಾಗಿ ಅರುವತ್ತು.

ಶುಕ್ರವಾರ ನನಗೆ ಬಂದದ್ದು ಸುಮ್ಮನಿರು, ನಾನೇ ದೇವರೆಂದು ತಿಳಿದುಕೋ ಎಂಬ ಅರ್ಥದ ವಚನ. ಅದು ನನಗೆ ಆಗಾಗ ಬರುವ ವಚನವೇ. ಗಂಡ ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಹೋಗುವ ಎಂದಾಗ ಅದೇ ಬಂತು, ಹೋಗಲಿಲ್ಲ. ಬೆಳ್ಳಾರೆಯಲ್ಲಿದ್ದ ತಂಗಿ ಬಾ ಬಾ ಎಂದು ಕರೆದಾಗ ಎರಡು ಸಲ ಅದೇ ಬಂತು. ನಾನು ಮುಂಗೋಪಿ, ದುಡುಕುವವಳು, ದೇವರು ಅದನ್ನು ಬಲ್ಲನು, ಅದಕ್ಕೇ ನನಗೆ ಇದನ್ನೇ ಕೊಡುತ್ತಾನೆ ಎಂದು ನಿಮ್ಮ ಕೂಟದಲ್ಲೇ ನಿಂತು ಸಾಕ್ಷಿ ಹೇಳಿದ್ದೇನೆ. ನೀವು ಆಮೆನ್ ಎಂದಿದ್ದೀರಿ.

ಹೊರಗೆ ಬಂದು ಹಸನಬ್ಬರಿಗೆ ಹೇಳಿದೆ. "ಇವತ್ತು ಬರ್ಲಿಕ್ಕಾಗುದಿಲ್ಲ. ಅವಳಿಗೆ ಗಂಜಿ ಕೊಡಿ. ದೇವರು ನೋಡಿಕೊಳ್ತಾನೆ."

ಅವರು ನನ್ನ ಮುಖ ನೋಡಿದರು. "ಎಂತ ಅಮ್ಮ, ಒಳಗೆ ಯಾರನ್ನು ಕೇಳಿ ಬಂದದ್ದು ನೀವು? ಮನೆಯಲ್ಲಿ ನೀವು ಒಬ್ಬರೇ ಅಲ್ವಾ?"

ನಾನು ಅವರನ್ನು ಕಳಿಸಿ ಬಾಗಿಲು ಹಾಕಿದೆ. ಶನಿವಾರ ಪುನಃ ಎತ್ತಿದೆ. ಪುನಃ ಅದೇ ಬಂತು. ಎರಡು ದಿನ ಒಂದೇ ಮಾತು ಬಂದ ಮೇಲೆ ಸಂಶಯಪಡುವುದು ಪಾಪ ಎಂದು ಕೂತೆ. ಆದಿತ್ಯವಾರ ಹೇಗೂ ಪ್ರಯಾಣ ಇಲ್ಲ. ದೇವಾಲಯದಲ್ಲಿ ಪಾದ್ರಿ ಅಯ್ಯನವರು ಎಸ್ತೇರಳ ಹೆಸರು ಹೇಳಿ ಪ್ರಾರ್ಥಿಸಿದರು. ಸೋಮವಾರ ಎತ್ತಿದ್ದು ಬೇರೆ ಚೀಟಿ. ಹೋಗುವಾಗಲೂ ಬರುವಾಗಲೂ ದೇವರು ಕಾಯುತ್ತಾನೆ ಎಂಬ ಅರ್ಥದ್ದು. ಇಷ್ಟು ಸ್ಪಷ್ಟವಾಗಿ ಅಪ್ಪಣೆ ಸಿಕ್ಕಿತಲ್ಲ ಎಂದು ಖುಷಿಯಿಂದಲೇ ಬಸ್ಸು ಹತ್ತಿದೆ.

ಕಡಬಕ್ಕೆ ಉಪ್ಪಿನಂಗಡಿ ಮೇಲಿನ ಬಸ್ಸು ಉಂಟು, ಅದು ಮಧ್ಯಾಹ್ನದ್ದು. ಮೂರು ದಿನ ಕಾದವಳಿಗೆ ಅರ್ಧ ದಿನ ಕಾಯಲು ಆಗಲಿಲ್ಲ. ಕಾಣಿಯೂರಿನ ಬಸ್ಸಿಗೆ ಹತ್ತಿದೆ. ಹನ್ನೆರಡು ಆಣೆ ಎಂದು ಕೊಟ್ಟರೆ ಕಂಡಕ್ಟರು ಎಪ್ಪತ್ತೈದು ನಯೇ ಪೈಸೆ ಎಂದು ತಿದ್ದಿದ. ಎರಡೂ ಒಂದೇ. ನನ್ನ ಪಕ್ಕದಲ್ಲಿ ಒಬ್ಬಳು ಕಾಲು ಕಟ್ಟಿದ ಹುಂಜವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಕೋಳಿಗೂ ಚಾರ್ಜು ಉಂಟು" ಎಂದ ಕಂಡಕ್ಟರು.

"ಅದಕ್ಕೆ ಸೀಟು ಕೊಡು ಮಾರಾಯ, ಆಮೇಲೆ ಚಾರ್ಜು ಕೇಳು" ಎಂದಳು ಅವಳು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಅವಳು ಎಲ್ಲಿಗೆ ಎಂದು ಕೇಳಿದಳು. ಮಗಳನ್ನು ಆಸ್ಪತ್ರೆಗೆ ತರಲಿಕ್ಕೆ ಎಂದೆ, ವಚನ ಬಂದದ್ದನ್ನೂ ಹೇಳಿದೆ. "ಒಳ್ಳೆದಾಯ್ತು ಬಿಡಿ" ಎಂದು ಅವಳು ನನಗೊಂದು ವೀಳ್ಯದೆಲೆ ಕೊಟ್ಟಳು.

ಬಸ್ಸು ದಾರಿಯಲ್ಲಿ ಒಂದು ಕಡೆ ನೀರು ಕುದಿದು ನಿಂತಿತು. ಅಲ್ಲಿ ಮುಕ್ಕಾಲು ಗಂಟೆ ಹೋಯಿತು. ಕಾಣಿಯೂರಿನಲ್ಲಿ ಇಳಿದು, ಕುಮಾರಧಾರೆ ದಾಟುವ ದೋಣಿಯ ಜಾಗಕ್ಕೆ ಬಿಸಿಲಿನಲ್ಲೇ ನಡೆದೆ. ಮೂರು ಮೈಲಿ ಇರಬಹುದು. ಬಾರ್ಲಿ ನೀರಿನ ಸೀಸೆ ಕೈಯಲ್ಲೇ ಬೆಚ್ಚಗಾಯಿತು. ಹೊಳೆಯಲ್ಲಿ ನೀರು ಕಡಿಮೆ, ಈಚೆ ಬರೀ ಮರಳು, ಕಾಲು ಸುಡುತ್ತಿತ್ತು. ದೋಣಿಯವನು ಆಚೆ ದಡದಲ್ಲಿದ್ದ. ಕೂಗಿ ಕೂಗಿ ಗಂಟಲು ಒಣಗಿದ ಮೇಲೆ ಬಂದ. ನಾನು ದೋಣಿಯಲ್ಲಿ ನಿಂತೇ ಇದ್ದೆ.

"ಕೂತ್ಕೊಳ್ಳಿ ಅಮ್ಮ. ನೀವು ನಿಂತ್ರೆ ದೋಣಿ ಬೇಗ ಹೋಗುದಿಲ್ಲ" ಎಂದ.

"ನಿನ್ನ ಕೈ ಆಡಿದ್ರೆ ಹೋಗ್ತದೆ. ಬಾಯಿ ಆಡಿದ್ರೆ ಹೋಗುದಿಲ್ಲ" ಎಂದೆ.

ಅವನು ನಕ್ಕು ಕೇಳಿದ. "ಇಷ್ಟು ಅರ್ಜೆಂಟಿನಲ್ಲಿ ಯಾರ ಮನೆಗೆ?"

"ಕಡಬದ ಹತ್ರ ಶಾಲೆ ಉಂಟಲ್ಲ, ಎಸ್ತೇರ ಟೀಚರು. ಅವಳ ತಾಯಿ ನಾನು."

ಅವನು ದೋಣಿ ನೂಕುತ್ತಿದ್ದ ಜಲ್ಲೆ ಸ್ವಲ್ಪ ಹೊತ್ತು ನೀರಲ್ಲೇ ನಿಂತಿತು. ಆಮೇಲೆ ಜೋರಾಗಿ ನೂಕಿ ದಡ ಮುಟ್ಟಿಸಿದ. ಇಳಿಯುವಾಗ ನನ್ನ ಕೈ ಹಿಡಿದು ಇಳಿಸಿದ, ಗಂಟನ್ನು ತಾನೇ ಹೊತ್ತು ದಿಬ್ಬದ ಮೇಲೆ ಇಟ್ಟ. ಎರಡಾಣೆ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಉಪ್ಪಿನ ಚೀಲ ಹೇರಿಕೊಂಡು ಕಡಬಕ್ಕೆ ಹೊರಟಿದ್ದ ಗಾಡಿಯವನ ಕಿವಿಯಲ್ಲಿ ಏನೋ ಹೇಳಿ ನನ್ನನ್ನು ಹತ್ತಿಸಿದ. ಗಾಡಿಯವನೂ ದುಡ್ಡು ಕೇಳಲಿಲ್ಲ. ಇದೆಲ್ಲ ದೇವರ ಏರ್ಪಾಡು ಎಂದು ಚೀಲದ ಮೇಲೆ ಕೂತು ಸ್ತೋತ್ರ ಮಾಡಿದೆ. ಅವರಿಬ್ಬರಿಗೂ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ಶಾಲೆಯ ಹತ್ತಿರ ಇಳಿದಾಗ ಮೂರು ಗಂಟೆ. ಶಾಲೆಗೆ ಬೀಗ. ಹಿಂದಿನ ಕೋಣೆಗೂ ಬೀಗ. ಅವಳ ಚಾಪೆ ತೊಳೆದು ಬೇಲಿಯ ಮೇಲೆ ಹಾಕಿತ್ತು. ಅದನ್ನು ಕಂಡೇ ನನಗೆ ತಿಳಿಯಿತು. ಯಾರೂ ಹೇಳಬೇಕಾಗಿರಲಿಲ್ಲ.

ಹಸನಬ್ಬರ ಹೆಂಡತಿ ಐಸಮ್ಮ ಓಡಿ ಬಂದು ನನ್ನನ್ನು ಹಿಡಿದುಕೊಂಡು ತನ್ನ ಜಗಲಿಯಲ್ಲಿ ಕೂರಿಸಿದಳು. ನಾವು ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

"ನಿನ್ನೆ ಮಧ್ಯಾಹ್ನ ಹೋದಳು ಅಮ್ಮ. ಈ ಸೆಕೆಗೆ ಇಟ್ಟುಕೊಳ್ಲಿಕ್ಕೆ ಆಗ್ಲಿಲ್ಲ. ಸಂಜೆಯೇ ಮಣ್ಣು ಮಾಡಿದ್ರು. ನಿಮಗೆ ಹೇಳಿಕಳಿಸ್ಲಿಕ್ಕೆ ಜನ ಹೋಗಿದ್ದಾರೆ, ಉಪ್ಪಿನಂಗಡಿ ಮೇಲೆ. ನೀವು ಹೊಳೆ ದಾಟಿ ಬಂದ್ರಿ."

ನಾನು ಅಳಲಿಲ್ಲ. ಯಾಕೆ ಎಂದು ಕೇಳಬೇಡಿ. ಏನಾಯಿತು, ಎಲ್ಲ ಹೇಳು ಎಂದೆ. ಅವಳು ಹೇಳಿದಳು.

"ಶುಕ್ರವಾರ ಇವರು ಒಬ್ಬರೇ ಬಂದದ್ದು ನೋಡಿ ಟೀಚರು ನಕ್ಕಳು. ಚೀಟಿಯಲ್ಲಿ ಸುಮ್ಮನಿರು ಅಂತ ಬಂದಿರ್ಬೇಕು ಅಂದಳು. ನನಗೆ ಎಂತದೂ ಅರ್ಥ ಆಗ್ಲಿಲ್ಲ. ಆಮೇಲೆ ಅವಳೇ ಹೇಳಿದ್ದು. ಸಣ್ಣ ಇರುವಾಗ ಅದನ್ನೆಲ್ಲ ಅವಳು ಬರೆದದ್ದಂತೆ. ಬರೆದು ಬರೆದು ಕೈ ನೋವು, ಹೊಸ ಲಂಗ ಬೇರೆ ಬೇಕು. ಅದು ಒಂದು ಚಿಕ್ಕದು ಅಂತ ಅದನ್ನೇ ತುಂಬ ಸಲ ಬರೆದು ಲೆಕ್ಕ ಮುಗಿಸಿದಳಂತೆ."

ಮುಂದೆ ಹೇಳು ಎಂದೆ.

"ಅಮ್ಮನಿಗೆ ಹೇಳ್ಬೇಕು ಹೇಳ್ಬೇಕು ಅಂತ ಇತ್ತಂತೆ. ಮೊದಲು ಪೆಟ್ಟಿನ ಹೆದರಿಕೆ. ಆಮೇಲೆ ನೀವು ಅದನ್ನು ದೊಡ್ಡ ಮಾತು ಅಂತ ಜನರ ಎದುರು ಹೇಳ್ಲಿಕ್ಕೆ ಶುರು ಮಾಡಿದ್ರಿ, ಇನ್ನು ಹೇಗೆ ಹೇಳುದು ಅಂತ ಸುಮ್ಮನಾದಳಂತೆ. ಶನಿವಾರ ಪೂರ್ತಿ ಬಾಗಿಲನ್ನೇ ನೋಡ್ತಾ ಇದ್ದಳು. ಗಾಡಿ ಕಟ್ಟಿ ಆಗಿತ್ತು ಅಮ್ಮ, ಇವರು ಎತ್ತಿ ಮಲಗಿಸ್ಲಿಕ್ಕೂ ಹೋದ್ರು. ಬಿಡಲಿಲ್ಲ, ಅಮ್ಮ ಬರ್ತಾರೆ ಅಂದಳು. ನಿನ್ನೆ ಬೆಳಿಗ್ಗೆ ನನಗೆ ಹೇಳಿದ್ದು ಇಷ್ಟೆ. ಅಮ್ಮ ಬಂದ್ರೆ ಈ ಚೀಟಿಯ ವಿಷಯ ಹೇಳಿ, ಬೈಬೇಡಿ ಅಂತಲೂ ಹೇಳಿ."

ಐಸಮ್ಮ ಹತ್ತು ದಿನ ನನ್ನ ಮಗಳ ಮೈ ಒರೆಸಿದ್ದಾಳೆ, ಗಂಜಿ ಕುಡಿಸಿದ್ದಾಳೆ, ಬಟ್ಟೆ ಒಗೆದಿದ್ದಾಳೆ. ದೇವರು ನಿನ್ನನ್ನು ಕಳಿಸಿದ್ದು ಎಂದು ಹೇಳಬೇಕಿತ್ತು, ನಾವು ಹಾಗೆ ಹೇಳುವವರಲ್ಲವಾ. ನನ್ನ ಬಾಯಲ್ಲಿ ಬರಲಿಲ್ಲ. "ಹೇಗೆ ಮಾಡಿದೆ ಇಷ್ಟೆಲ್ಲ?" ಎಂದು ಮಾತ್ರ ಕೇಳಿದೆ.

"ಪಕ್ಕದ ಮನೆ ಅಲ್ವಾ ಅಮ್ಮ. ಅದಕ್ಕೆ ಯಾರನ್ನು ಕೇಳ್ಲಿಕ್ಕೆ ಉಂಟು?" ಎಂದಳು.

ಆ ದಿನ ಅವರ ಮನೆಯಲ್ಲೇ ಉಳಿದೆ. ಮಂಗಳವಾರ ಬೆಳಿಗ್ಗೆ ಹಸನಬ್ಬ ನನ್ನನ್ನು ಗೋರಿಯ ಹತ್ತಿರ ಕರೆದುಕೊಂಡು ಹೋದರು. ಕೇರಳದಿಂದ ಬಂದು ಕಾಡು ಕಡಿದು ಕಪ್ಪ ಎಂಬ ಮರಗೆಣಸು, ರಬ್ಬರ್ ಹಾಕಿದ ಕ್ರೈಸ್ತರು ಗುಡ್ಡದ ಬದಿಯಲ್ಲಿ ತಮ್ಮವರಿಗೆಂದು ಇಟ್ಟ ಜಾಗ ಅದು. ಅವರ ಸಭೆ ಬೇರೆ, ನಮ್ಮದು ಬೇರೆ. ಆದರೂ ಜಾಗ ಕೊಟ್ಟರು. ಕೆಂಪು ಮಣ್ಣು, ಮೇಲೆ ಎರಡು ಕೋಲು ಹಗ್ಗದಿಂದ ಕಟ್ಟಿದ ಶಿಲುಬೆ. ಕಟ್ಟಿದ ಮುದುಕ ಕುರಿಯನ್ ಅಲ್ಲೇ ಇದ್ದ.

"ನಮ್ಮ ಪಾದ್ರಿ ಅಚ್ಚನ್ ಬರ್ಲಿಕ್ಕೆ ಸಮಯ ಇರ್ಲಿಲ್ಲ ಅಮ್ಮಚ್ಚಿ. ನಾನೇ ಮಲಯಾಳದಲ್ಲಿ ಪ್ರಾರ್ಥನೆ ಹೇಳಿದ್ದು. ಸರಿ ಆಯ್ತೋ ಇಲ್ಲವೋ" ಎಂದ.

"ಅವಳಿಗೆ ಮಲಯಾಳ ಬರ್ತಿರಲಿಲ್ಲ. ದೇವರಿಗೆ ಬರ್ತದಲ್ಲ, ಸಾಕು" ಎಂದೆ.

ಮೂಸಂಬಿಗಳನ್ನು ಐಸಮ್ಮನ ಮಕ್ಕಳಿಗೆ ಕೊಟ್ಟೆ. ಹುಳಿಯಾದ ಬಾರ್ಲಿ ನೀರನ್ನು ಬೇಲಿಯ ಬುಡಕ್ಕೆ ಚೆಲ್ಲಿದೆ. ಕಡಬದಿಂದ ಬಸ್ಸಿನಲ್ಲಿ ನೆಲ್ಯಾಡಿ, ಉಪ್ಪಿನಂಗಡಿ ಮೇಲೆ ಸಂಜೆಯ ಒಳಗೆ ಪುತ್ತೂರು ಮುಟ್ಟಿದೆ. ಈ ಸಲ ಬಸ್ಸು ಎಲ್ಲಿಯೂ ಕೆಡಲಿಲ್ಲ. ಕೂರಲು ಕಿಟಕಿಯ ಹತ್ತಿರವೇ ಸೀಟು ಸಿಕ್ಕಿತು. ಸೋಮವಾರದ ವಚನ ಸುಳ್ಳಾಗಲಿಲ್ಲ. ನಾನು ಕ್ಷೇಮವಾಗಿಯೇ ಹೋದೆ, ಕ್ಷೇಮವಾಗಿಯೇ ಬಂದೆ.

ಮನೆಗೆ ಬಂದು ಪೆಟ್ಟಿಗೆಯನ್ನು ಚಾಪೆಯ ಮೇಲೆ ಕವುಚಿ ಒಂದೊಂದೇ ಬಿಚ್ಚಿದೆ. ಅರುವತ್ತರಲ್ಲಿ ಹದಿನೇಳು ಅದೇ. ಮೊದಲಿನವುಗಳಲ್ಲಿ ಅಕ್ಷರ ದುಂಡಗೆ, ಚಂದ. ಕೊನೆಕೊನೆಗೆ ಕೋಳಿ ಕೆದಕಿದ ಹಾಗೆ. ಒಂದರಲ್ಲಿ ಶಾಯಿ ಚೆಲ್ಲಿ ಅವಳ ಬೆರಳಿನ ಗುರುತು ಕೂತಿದೆ. ಕೊಡಗಿಗೆ ಹೋಗದ ಗಂಡ, ನಾನು ಕಡೆಗೂ ಹೋಗಿ ನೋಡದ ತಂಗಿ, ಎಲ್ಲ ಆ ಹದಿನೇಳರಲ್ಲಿ ಇದ್ದರು.

ಪಾದ್ರಿ ಅಯ್ಯನವರು ಬಂದು, ಹುಡುಗಿಯ ಸೋಮಾರಿತನವನ್ನೂ ದೇವರು ಉಪಯೋಗಿಸಬಲ್ಲನು, ನಮಗೆ ಕಾಣದ ಉದ್ದೇಶ ಇರುತ್ತದೆ ಎಂದರು. ನಾನು ಹೇಳಿದೆ, "ಐಸಮ್ಮನನ್ನು ಕಳಿಸ್ಲಿಕ್ಕೆ ಗೊತ್ತಿದ್ದವನಿಗೆ ಶುಕ್ರವಾರ ನನ್ನನ್ನು ಕಳಿಸ್ಲಿಕ್ಕೆ ಗೊತ್ತಿರಲಿಲ್ವಾ ಅಯ್ಯಾ?" ಅವರು ಒಳ್ಳೆಯ ಮನುಷ್ಯ. ಕಾಫಿ ಕುಡಿದು ಪ್ರಾರ್ಥಿಸಿ ಹೋದರು. ನಾನು ಈಗಲೂ ಆದಿತ್ಯವಾರ ದೇವಾಲಯಕ್ಕೆ ಬರುತ್ತೇನೆ, ನೀವು ನೋಡುತ್ತೀರಿ. ಮೊಣಕಾಲೂರುತ್ತೇನೆ. ಕೇಳಿಕೊಳ್ಳಲು ಏನೂ ಸಿಗುವುದಿಲ್ಲ, ಹಾಗೆಯೇ ಏಳುತ್ತೇನೆ. ಇದನ್ನು ಓದಿ ಯಾರೂ ನನಗೆ ಸಮಾಧಾನ ಹೇಳಲು ಬರಬೇಡಿ.

ಚೀಟಿಗಳನ್ನು ಸುಡಲಿಲ್ಲ. ಅವಳ ಸಣ್ಣ ವಯಸ್ಸಿನ ಕೈಬರಹ ನನ್ನಲ್ಲಿ ಇರುವುದು ಅಷ್ಟೇ. ಬೈಯಬೇಡಿ ಎಂದಿದ್ದಾಳೆ, ಬೈಯಲಿಲ್ಲ.

ಮರುತಿಂಗಳು ಒಂದು ಶುಕ್ರವಾರ ಹಸನಬ್ಬ ಪುನಃ ಬಂದರು. ಅಂಗಳದಲ್ಲೇ ನಿಂತು, "ಅಮ್ಮ, ಮಳೆ ಬರುವ ಮೊದಲು ಟೀಚರ ಗೋರಿಗೆ ಕಲ್ಲು ಇಡುವ ಅಂತ ಕುರಿಯನ್ ಹೇಳಿದ್ದಾರೆ. ನೀವು ಬರ್ತೀರಾ?" ಎಂದರು. ನಾನು ಒಳಗೆ ಹೋಗಲಿಲ್ಲ. ಬಾಗಿಲು ಎಳೆದು, ಉಟ್ಟ ಸೀರೆಯಲ್ಲೇ ಅಂಗಳಕ್ಕೆ ಇಳಿದು, ಅವರಿಗಿಂತ ಮುಂದೆ ನಡೆಯತೊಡಗಿದೆ.

"ನಿಧಾನ ಬನ್ನಿ ಅಮ್ಮ" ಎಂದರು ಅವರು ಹಿಂದಿನಿಂದ. "ಈಗ ಅರ್ಜೆಂಟು ಎಂತ ಇಲ್ಲ."