ಹೊಟ್ಟೆಗೆ ಚುಚ್ಚುವ ಸೂಜಿ

ಗುಂಡ್ಲುಪೇಟೆಯಲ್ಲಿ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ ಅಕ್ಕನಿಗೆ ಎರಡು ಸಲ ಗರ್ಭ ನಿಂತಿರಲಿಲ್ಲ. ಮೂರನೆಯದು ಉಳಿಯಬೇಕಾದರೆ ದಿನವೂ ಹೊಟ್ಟೆಗೆ ಇಂಜೆಕ್ಷನ್ ಬೇಕೆಂದು ಡಾಕ್ಟರು ಹೇಳಿದ್ದರು. ನರ್ಸ್ ಹತ್ತಿರ ಕಲಿತು ನಾನೇ ಚುಚ್ಚುತ್ತಿದ್ದೆ. ಸಿರಿಂಜ್ ತೆಗೆದರೆ ಸಾಕು, ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು, "ವಸಿ ತಡಿ ಕಣಮ್ಮಿ, ವಸಿ ತಡಿ" ಎನ್ನುತ್ತಿದ್ದರು.

ಒಂದು ದಿನ ಚಾಮರಾಜನಗರದಿಂದ ಬರುವಾಗ ನನ್ನ ಬಸ್ಸು ಕೆಟ್ಟು ನಿಂತಿತು. ಇಂಜೆಕ್ಷನ್ ಹೊತ್ತು ಮೀರುತ್ತಿತ್ತು. ಕೊನೆಗೆ ಊರು ಸೇರಿ ಬಸ್ಸಿಳಿಯುತ್ತಲೇ ಫೋನ್ ಮಾಡಿದೆ; ಅಕ್ಕ ಎತ್ತಲಿಲ್ಲ. ಏನಾಯಿತೋ ಎಂದು ಓಡಿದೆ. ಅಕ್ಕ ಹೊಟ್ಟೆಯ ಮೇಲೆ ಹತ್ತಿ ಒತ್ತಿಕೊಂಡು ಗೋಡೆಗೊರಗಿ ಕೂತಿದ್ದರು. ಮೈಯೆಲ್ಲ ಬೆವರು.

"ನಾನೇ ಚುಚ್ಕಂಡ್ಬುಟ್ಟೆ ಕಣಮ್ಮಿ. ಸೂಜಿ ಒಳಗಿತ್ತು, ಫೋನ್ ಎಂಗೆ ಎತ್ಲಿ?"

ಮಗಳು ಹುಟ್ಟುವವರೆಗೂ ಅವರು ದಿನವೂ ಹಾಗೇ ಬೆವರಿದರು, ದಿನವೂ ತಾವೇ ಚುಚ್ಚಿಕೊಂಡರು.