ಮಾವ್ಶಿಯ ಬಲಗಾಲು

ಆಗೆಲ್ಲ ಉರ್ವದಲ್ಲಿ ನಾವು ಮಕ್ಕಳು ಮುಖ ನೋಡುವ ಮೊದಲೇ ಕಾಲು ನೋಡಿ ಜನರನ್ನು ಗುರುತಿಸುತ್ತಿದ್ದೆವು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಹೆಚ್ಚಿನವರದು ಬರಿಗಾಲು. ಚಪ್ಪಲಿ ಪೇಟೆಗೆ, ಶೂ ಇಗರ್ಜಿಗೆ. ಮೀನು ಹೊತ್ತು ಬರುವವರ ಪಾದದಲ್ಲಿ ಉಪ್ಪಿನ ಬಿಳಿ ಗೆರೆ, ಹಂಚಿನ ಕಾರ್ಖಾನೆಯವರದು ಕೆಂಪು. ಗೇರುಬೀಜ ಸಾಲಾಗಿಟ್ಟು ಹೊಡೆಯುವ ಆಟದಲ್ಲಿ ನಮ್ಮ ಬೇಸಿಗೆಯೆಲ್ಲ ನೆಲದ ಮಟ್ಟದಲ್ಲೇ ಕಳೆಯುತ್ತಿದ್ದುದರಿಂದ ಇದೆಲ್ಲ ಗೊತ್ತಿತ್ತು.

ನಮ್ಮ ಮನೆಯ ಹೆಂಗಸರ ಕಾಲಿಗೂ ಒಂದು ಗುರುತಿತ್ತು. ಹೆಬ್ಬೆರಳ ಬುಡದಲ್ಲಿ, ಪಾದದ ಒಳಬದಿಗೆ, ನೆಲ್ಲಿಕಾಯಿಯಂಥ ಒಂದು ಗಂಟು. ಹೆಬ್ಬೆರಳು ಪಕ್ಕದ ಬೆರಳಿನತ್ತ ವಾಲಿಕೊಂಡಿರುತ್ತಿತ್ತು. ನಾವು ಮಾಯ್ ಎಂದು ಕರೆಯುತ್ತಿದ್ದ ಅಜ್ಜಿಗೆ ಎರಡೂ ಕಾಲಿನಲ್ಲಿತ್ತು. ಅವಳ ಕಿರಿಮಗಳು, ಅಂದರೆ ನನ್ನ ತಾಯಿಯ ತಂಗಿ ಫಿಲ್ಲು ಮಾವ್ಶಿಗೆ ಬಲಗಾಲಿನಲ್ಲಿ ಮಾತ್ರ. ಬರಿಗಾಲಿನ ಮನೆಯಲ್ಲಿ ಅದು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ.

ಆ ಬೇಸಿಗೆ ಮಾವ್ಶಿ ನರ್ಸಿಂಗ್ ತರಬೇತಿಗೆ ಆಯ್ಕೆಯಾದಳು. ಮಳೆ ಹಿಡಿಯುವ ಹೊತ್ತಿಗೆ ಸೇರಬೇಕಿತ್ತು. ಅವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಹಲಸಿನ ಹಪ್ಪಳ ಒಣಗಿಸುವ ಚಾಪೆಯ ಪಕ್ಕದಲ್ಲಿ ನಮ್ಮನ್ನೆಲ್ಲ ಸಾಲಾಗಿ ಮಲಗಿಸಿ ನಾಡಿ ಹಿಡಿದು ನೋಡುತ್ತಿದ್ದಳು. ರೋಗಿಗಳು ಮಾತಾಡಬಾರದೆಂದು ಗದರಿಸಿ, ಬಾಯಿಗೊಂದು ಹಪ್ಪಳದ ಹಿಟ್ಟಿನ ಉಂಡೆ ತುರುಕುತ್ತಿದ್ದಳು. ಆ ಹಿಟ್ಟಿನ ಆಸೆಗೆ ನಾವು ದಿನಾ ಕಾಯಿಲೆ ಬೀಳುತ್ತಿದ್ದೆವು.

ಬೊಂಬಾಯಿಯಲ್ಲಿದ್ದ ಮಾಮ ಅವಳಿಗಾಗಿ ಬಿಳಿ ಶೂ ಕಳಿಸಿದರು. ಅದರ ಮೂತಿ ಚೂಪಾಗಿತ್ತು. ಎಡಗಾಲು ಹೋಯಿತು. ಬಲಗಾಲು ಗಂಟಿನ ಹತ್ತಿರ ನಿಂತಿತು. ಮಾವ್ಶಿ ಒತ್ತಿ ತೂರಿಸಿಕೊಂಡು ಅಂಗಳದಲ್ಲಿ ನಡೆದು ಅಭ್ಯಾಸ ಮಾಡಿದಳು. ಒಂದು ವಾರದಲ್ಲಿ ಗಂಟು ಕೆಂಪಗೆ ಊದಿತು.

ಶೂ ಬದಲಿಸುವ ಮಾತನ್ನು ಯಾರೂ ಎತ್ತಲಿಲ್ಲ. ಬೊಂಬಾಯಿಯ ಶೂ ತಪ್ಪಾಗಿರಲು ಸಾಧ್ಯವಿರಲಿಲ್ಲ, ಸರಿಮಾಡಬೇಕಾದದ್ದು ಕಾಲನ್ನು. ಪಾದದ ಮೇಲೆ ಗಟ್ಟಿಯಾಗಿ ಎದ್ದ ಯಾವುದಕ್ಕೂ ನಮ್ಮಲ್ಲಿ ಇದ್ದದ್ದು ಒಂದೇ ಹೆಸರು, ಆಣಿ. ಆಣಿಗೆ ಬೇರು ಇರುತ್ತದೆ, ಬೇರನ್ನು ಸುಡಬೇಕು, ಸುಡಲು ಗೇರುಬೀಜದ ಸಿಪ್ಪೆಯ ಎಣ್ಣೆ ಆಗಬೇಕು. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಹೆಸರು ಸಿಕ್ಕಿದ ಕೂಡಲೇ ಮದ್ದೂ ಸಿಕ್ಕಿತು.

ಪಕ್ಕದ ಮನೆಯ ಗಿರಿಜಕ್ಕ ಗೇರುಬೀಜದ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದರು. ಅವರ ಹಿಮ್ಮಡಿಯ ಒಡಕು ಆ ಎಣ್ಣೆಯಿಂದಲೇ ಗುಣವಾಗಿತ್ತು. ಮಾಯ್ ಕೇಳಿದ್ದಕ್ಕೆ ಸಣ್ಣ ಕುಪ್ಪಿಯಲ್ಲಿ ತಂದುಕೊಟ್ಟರು. ಕಪ್ಪಗೆ, ಅಂಟಂಟು. ಮುಚ್ಚಳ ತೆಗೆದರೆ ಕಾರ್ಖಾನೆಯ ಹೊಗೆಯ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು.

"ಸ್ವಲ್ಪ ಉರಿ ಉಂಟು ಮಾರಾಯ್ತಿ, ತಡ್ಕೊಳ್ಳಬೇಕು," ಎಂದರು ಗಿರಿಜಕ್ಕ.

"ನಾಳೆ ಊರಿಗೆಲ್ಲ ಸೂಜಿ ಚುಚ್ಚುವವಳು ನಾನು. ನೀವು ಹಾಕಿ."

ಕಡ್ಡಿಗೆ ಹತ್ತಿ ಸುತ್ತಿ ಗಂಟಿನ ಮೇಲೆ ಹಚ್ಚಿದರು. ಮರುದಿನ ಇನ್ನೊಮ್ಮೆ. ಆಣಿಯಾಗಿದ್ದರೆ ಚರ್ಮ ಕಪ್ಪಾಗಿ ಪದರ ಎದ್ದು ಬರಬೇಕಿತ್ತು. ಇಲ್ಲಿ ನೀರುಗುಳ್ಳೆ ಎದ್ದು ಒಡೆಯಿತು. ಕೆಳಗೆ ಕಂಡದ್ದು ಹಸಿ ಮಾಂಸ. ಬೇರು ಇನ್ನೂ ಒಳಗೇ ಇದೆಯೆಂದು ಮಾಯ್ ಮತ್ತೂ ಒಮ್ಮೆ ಹಚ್ಚಿಸಿದಳು. ಕೀವಾಗಿ ಜ್ವರ ಏರಿದ ಮೇಲೆ ಮಾವ್ಶಿಯನ್ನು ಕೊಡಿಯಾಲ್‌ಬೈಲಿನ ಒಬ್ಬ ಡಾಕ್ಟರರ ಹತ್ತಿರ ಕರೆದೊಯ್ದರು. ಮಾಯಿಯ ಸೆರಗು ಹಿಡಿದು ನಾನೂ ಹೋದೆ.

ಇದು ಆಣಿಯಲ್ಲ, ಎಲುಬು ಎಂದರು ಡಾಕ್ಟರರು. ಹೆಬ್ಬೆರಳ ಬುಡದ ಕೀಲು ಹೊರಕ್ಕೆ ಚಾಚಿ ಬೆರಳು ಪಕ್ಕದ ಬೆರಳಿನತ್ತ ಬಾಗಿದೆ. ಕುಟುಂಬದಲ್ಲಿ ಬಂದದ್ದು, ಬಿಗಿಯಾದ ಶೂ ಅದನ್ನು ಕೆರಳಿಸಿದೆ. ಬೇರೆಂಬುದೇ ಇಲ್ಲದ ಮೇಲೆ ಸುಡಲು ಅಲ್ಲಿ ಏನೂ ಇರಲಿಲ್ಲ. ಇಂಗ್ಲಿಷಿನಲ್ಲಿ ಇದನ್ನು ಬನಿಯನ್ ಎನ್ನುತ್ತಾರೆ ಎಂದೂ ಹೇಳಿದರು.

"ಬನಿಯನ್ ಮೈಗೆ ಹಾಕುವುದಲ್ವಾ ಡಾಕ್ಟ್ರೇ," ಎಂದಳು ಮಾಯ್. "ಕಾಲಿಗೆ ಎಂತದ್ದು?"

ಅಷ್ಟು ಜ್ವರದಲ್ಲೂ ಮಾವ್ಶಿ ಬೆಂಚಿನ ಅಂಚು ಹಿಡಿದುಕೊಂಡು ನಕ್ಕಳು.

ಗಾಯ ಮಾಗುವಷ್ಟರಲ್ಲಿ ಅರ್ಧ ಮಳೆಗಾಲ ಕಳೆದಿತ್ತು. ಸೇರುವ ದಿನ ದಾಟಿ ಅವಳ ಜಾಗ ಇನ್ನೊಬ್ಬಳಿಗೆ ಹೋಗಿತ್ತು. ಮರುವರ್ಷ ಮತ್ತೆ ಹೋದಳು. ದೇಹಪರೀಕ್ಷೆಯಲ್ಲಿ ಬರಿಗಾಲಲ್ಲಿ ನಡೆದು ತೋರಿಸಲು ಹೇಳಿದರಂತೆ. ಸುಟ್ಟ ಚರ್ಮ ಸೆಳೆದುಕೊಂಡು ಹೆಬ್ಬೆರಳು ಮಡಚುತ್ತಿರಲಿಲ್ಲ. ಪಾದದ ಹೊರ ಅಂಚಿನ ಮೇಲೆ ಭಾರ ಹಾಕಿ ನಡೆಯುತ್ತಿದ್ದಳು. ದಿನವಿಡೀ ನಿಂತು ಮಾಡುವ ಕೆಲಸ, ಈ ಕಾಲಿಗೆ ಆಗುವುದಿಲ್ಲ ಎಂದು ಅವಳನ್ನು ವಾಪಸು ಕಳಿಸಿದರು.

ಮನೆಗೆ ಬಂದು, ನಾವು ಉಣ್ಣುತ್ತಿದ್ದಲ್ಲೇ ಗೋಡೆಗೆ ಒರಗಿ ಕೂತು ಇದಿಷ್ಟನ್ನೂ ಹೇಳಿದಳು.

"ದೇವರ ಇಚ್ಛೆ, ಬಾಯೆ," ಎಂದಳು ಮಾಯ್.

"ದೇವರು ಎಲುಬು ಕೊಟ್ಟದ್ದು ಮಾಯ್. ಎಣ್ಣೆ ಹಾಕಿದ್ದು ನಾವು."

ಮಾಯ್ ಅವಳ ಮುಂದೆ ಬಟ್ಟಲಿಟ್ಟು ಗಂಜಿ ಬಡಿಸಿ, ಸುಟ್ಟ ಒಣಮೀನಿನ ದೊಡ್ಡ ತುಂಡನ್ನು ಹಾಕಿದಳು. ಅವರಿಬ್ಬರು ಆ ವಿಷಯವನ್ನು ಮತ್ತೆ ಎತ್ತಿದ್ದನ್ನು ನಾನು ಕೇಳಿಲ್ಲ. ಗಿರಿಜಕ್ಕ ಬಹಳ ಕಾಲ ನಮ್ಮ ಬಾವಿಗೆ ನೀರಿಗೆ ಬರಲಿಲ್ಲ. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ. ಹಪ್ಪಳದ ಕಾಲ ಬಂದಾಗ ನಾವು ಮಕ್ಕಳು ಚಾಪೆಯ ಪಕ್ಕ ಸಾಲಾಗಿ ಮಲಗಿ ಕಾದೆವು. ಮಾವ್ಶಿ ನಮ್ಮನ್ನು ದಾಟಿಕೊಂಡು ಒಳಗೆ ಹೋದಳು.

ಅವಳು ಆ ಮನೆಯಲ್ಲೇ ಮುದುಕಿಯಾದಳು. ಒಳ್ಳೆಯ ನರ್ಸ್ ಆಗುತ್ತಿದ್ದಳೆಂದು ಬರೆಯಲು ನನ್ನಲ್ಲಿ ಆಧಾರವಿಲ್ಲ. ಅದನ್ನು ತಿಳಿಯುವ ದಾರಿ ಆ ಬೇಸಿಗೆಯಲ್ಲೇ ಮುಚ್ಚಿತು.

ಈಗ ಉರ್ವದಲ್ಲಿ ಬರಿಗಾಲು ಕಾಣುವುದಿಲ್ಲ, ಗೇರುಬೀಜ ಸುಡುವ ವಾಸನೆಯೂ ಬರುವುದಿಲ್ಲ. ನಮ್ಮ ಮನೆಯ ಗಂಟು ಮಾತ್ರ ಉಳಿದಿದೆ, ನನ್ನ ಮಗಳ ಎರಡೂ ಪಾದಗಳಲ್ಲಿ. ಅವಳು ಬೆರಳಿನ ಹತ್ತಿರ ಅಗಲವಿರುವ ಶೂ ಹಾಕಿ, ಗಂಟಿಗೊಂದು ಮೆತ್ತೆ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಾಳೆ. ಎಲುಬು ಅದರಿಂದ ನೆಟ್ಟಗಾಗುವುದಿಲ್ಲ. ನೋವು ಕಡಿಮೆಯಾಗುತ್ತದೆ, ಅಷ್ಟೇ. ಅಷ್ಟು ಸಾಕು. ಒಮ್ಮೆ ಅವಳು ಬಾಗಿಲಲ್ಲಿ ಬಿಚ್ಚಿಟ್ಟ ಶೂವನ್ನು ಮಾವ್ಶಿ ಎತ್ತಿಕೊಂಡಳು. ಒಳಗೆ ಕೈ ಹಾಕಿ, ಬೆರಳುಗಳನ್ನು ಅಗಲಿಸಿ ನೋಡಿದಳು.

"ಇಂಥದ್ದು ಆಗ ಸಿಗ್ತಿತ್ತಾ ಪುತಾ?" ಎಂದು ನನ್ನನ್ನು ಕೇಳಿದಳು.

ಸಿಗುತ್ತಿತ್ತು. ಪೇಟೆಯಲ್ಲಿ, ಹಂಪನಕಟ್ಟೆಯ ಶೂ ಅಂಗಡಿಯಲ್ಲಿ ಕಾಗದದ ಮೇಲೆ ಪಾದ ಇಡಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಹೇಳಿದಷ್ಟು ಅಗಲಕ್ಕೆ ಹೊಲಿದು ಕೊಡುತ್ತಿದ್ದರು. ನಾನು ಇಗರ್ಜಿಗೆ ಹಾಕುತ್ತಿದ್ದ ಶೂ ಅಲ್ಲಿಯದೇ.

"ಇಲ್ಲ ಮಾವ್ಶಿ," ಎಂದೆ. "ಆಗ ಎಲ್ಲಿಯ ಇದೆಲ್ಲ."

"ಹಾಗಾದರೆ ಸರಿ," ಎಂದು ಅವಳು ಶೂವನ್ನು ಅದರ ಜೋಡಿಯ ಪಕ್ಕ ಇಟ್ಟಳು.